ಡೇರಿಯ ಪರದೆಯಲ್ಲಿ ಕಾಣುವುದೇನು?



ಮುಂಜಾನೆ ನಾವು ಸಂಘಕ್ಕೆ ಹಾಕಿದ ಹಾಲು ದೊಡ್ಡ ಡೇರಿ ಸೇರಿದ ಮೇಲೆ ಅದನ್ನು ಕಾಯಿಸುವವರು ಯಾರು, ಸಾಕಷ್ಟು ಕಾಯಿತೋ ಇಲ್ಲವೋ ಎಂದು ನೋಡುವವರು ಯಾರು ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ಮನೆಯಲ್ಲಾದರೆ ಗೃಹಿಣಿಯ ಕಣ್ಣು ಪಾತ್ರೆಯ ಅಂಚಿನ ಮೇಲೇ ಇರುತ್ತದೆ. ಡೇರಿಯಲ್ಲಿ ಹಾಲು ಉಕ್ಕಿನ ಕೊಳವೆಗಳ ಒಳಗೇ ಹರಿಯುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸಾಮಾನ್ಯ ಕ್ರಮದಂತೆ ಹಾಲನ್ನು 72 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ 15 ಸೆಕೆಂಡು ಹಿಡಿದು, ಕೂಡಲೇ 4 ಡಿಗ್ರಿಯ ಆಸುಪಾಸಿಗೆ ತಣಿಸುತ್ತಾರೆ. ಹೀಗೆ ಹಾಲನ್ನು ಹಿಡಿಯುವ ಕೊಳವೆಯ ಕೊನೆಯಲ್ಲಿ ಕಾವನ್ನು ಅಳೆಯುವ ಒಂದು ಕಡ್ಡಿ ಇರುತ್ತದೆ. ಅದಕ್ಕೆ ಸೆನ್ಸರ್ ಎನ್ನುತ್ತಾರೆ. ಕಾವು ಕಡಿಮೆಯಾದರೆ ಒಂದು ವಾಲ್ವು ತಾನಾಗಿಯೇ ತಿರುಗಿ ಆ ಹಾಲನ್ನು ಹಿಂದಕ್ಕೆ ಕಳಿಸುತ್ತದೆ. ಈ ಕಡ್ಡಿಯ ಅಂಕಿ, ಪಂಪಿನ ಓಟ, ಟ್ಯಾಂಕಿನ ಮಟ್ಟ ಎಲ್ಲವನ್ನೂ ಒಂದು ಕೋಣೆಗೆ ತಂದು ಚಿತ್ರವಾಗಿ ತೋರಿಸುವ ಕಂಪ್ಯೂಟರಿನ ವ್ಯವಸ್ಥೆಗೆ ಸ್ಕಾಡಾ ಎಂದು ಹೆಸರು. ಅದು ತೋರಿಸುವುದಷ್ಟೇ ಅಲ್ಲ, ಪ್ರತಿಯೊಂದನ್ನೂ ಗಂಟೆ ನಿಮಿಷಗಳ ಸಮೇತ ಬರೆದಿಡುತ್ತದೆ.

ನಮ್ಮ ಎಣಿಕೆಯಲ್ಲಿ ಈ ಪರದೆಯ ನಿಜವಾದ ಉಪಯೋಗ ಅಂಕಿಯಲ್ಲ, ಗೆರೆ. ಈಗ 73 ಡಿಗ್ರಿ ಎಂದರೆ ಎಲ್ಲ ಸರಿ ಎನಿಸುತ್ತದೆ. ಆದರೆ ಎರಡು ತಾಸಿನಿಂದ ಗೆರೆ 76ರಿಂದ ಕೆಳಗಿಳಿಯುತ್ತ ಬಂದಿದ್ದರೆ, ಉಗಿ ಕಡಿಮೆಯಾಗಿರಬೇಕು ಅಥವಾ ತಗಡುಗಳಿಗೆ ಹಾಲಿನ ಕರೆ ಹಿಡಿದಿರಬೇಕು. ಬಾವಿಗೆ ಒಮ್ಮೆ ಇಣುಕಿದರೆ ನೀರು ಎಷ್ಟಿದೆ ಎಂದು ತಿಳಿಯುತ್ತದೆಯೇ ಹೊರತು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದಿಲ್ಲವಷ್ಟೆ.

ಇನ್ನು ಬಣ್ಣಗಳ ಮಾತು. ಕೆಲವು ಪರದೆಗಳು ಜಾತ್ರೆಯ ಅಂಗಡಿಯಂತೆ ಮಿನುಗುತ್ತಿರುತ್ತವೆ. ತಿಳಿದವರು ಹಿನ್ನೆಲೆಯನ್ನು ಬೂದುಬಣ್ಣಕ್ಕಿಟ್ಟು, ಕೆಟ್ಟದ್ದಕ್ಕೆ ಮಾತ್ರ ಕೆಂಪು ಬಳಿಯುತ್ತಾರೆ. ಅಲಾರಮ್ಮೂ ಹಾಗೆಯೇ, ರಾತ್ರಿಯೆಲ್ಲ ಬೊಗಳುವ ನಾಯಿಯ ಮಾತಿಗೆ ಯಾರೂ ಏಳುವುದಿಲ್ಲ.

ಪರದೆಯು ಹಾಲನ್ನು ನೋಡುವುದಿಲ್ಲ. ಕಡ್ಡಿ ಹೇಳಿದ್ದನ್ನಷ್ಟೇ ಬರೆಯುತ್ತದೆ. ಇದನ್ನು ಮರೆತರೆ ಏನಾದೀತು ಎಂಬುದಕ್ಕೆ ಎಣ್ಣೆಯ ಕಾರ್ಖಾನೆಯೊಂದರ ಸಂಗತಿಯನ್ನು ಹೇಳಬೇಕು. ಅಲ್ಲಿ ಹಾಲಿಗೆ ಬದಲು ಎಣ್ಣೆ, ಕಾವಿಗೆ ಬದಲು ಮಟ್ಟ; ಪರದೆ ಮಾತ್ರ ಇದೇ ಬಗೆಯದು. 2005ರ ಮಾರ್ಚ್ 23ರಂದು ಅಮೆರಿಕೆಯ ಟೆಕ್ಸಸ್ ಸಿಟಿಯಲ್ಲಿ ಬಿ.ಪಿ. ಕಂಪೆನಿಯ ಕಾರ್ಖಾನೆಯವರು 170 ಅಡಿ ಎತ್ತರದ ಗೋಪುರವೊಂದನ್ನು ದುರಸ್ತಿಯ ಬಳಿಕ ಚಾಲೂ ಮಾಡುತ್ತಿದ್ದರು. ಅದರ ಮಟ್ಟದ ಮಾಪಕ ಸುಮಾರು 9 ಅಡಿಯವರೆಗೆ ಮಾತ್ರ ತೋರಿಸಬಲ್ಲುದಾಗಿತ್ತು. ಎಣ್ಣೆ 150 ಅಡಿಯನ್ನೂ ಮೀರಿ ಏರಿದರೂ ಪರದೆಯಲ್ಲಿ ಮಟ್ಟ 9 ಅಡಿಗಿಂತ ಕೆಳಗಿತ್ತು. ಅದೂ ಇಳಿಯುತ್ತಿರುವಂತೆ ಕಾಣುತ್ತಿತ್ತು. ಒಳಬರುವ ಎಣ್ಣೆಯ ಅಂಕಿ ಒಂದು ಪರದೆಯಲ್ಲಿ, ಹೊರಹೋಗುವುದರ ಅಂಕಿ ಇನ್ನೊಂದರಲ್ಲಿ. ಜಮಾ ಖರ್ಚನ್ನು ಒಂದೇ ಪುಟದಲ್ಲಿ ಇಟ್ಟವರಿಲ್ಲ. ಮಟ್ಟ ಏರಿದಾಗ ಕೂಗಬೇಕಿದ್ದ ಬೇರೆ ಅಲಾರಂ ಕೂಗಲಿಲ್ಲ. ಗೋಪುರಕ್ಕೆ ಹೋಗಿ ಕಣ್ಣಾರೆ ನೋಡೋಣವೆಂದರೆ, ಮಟ್ಟ ನೋಡುವ ಗಾಜು ಕೊಳೆ ಹಿಡಿದು ಕುರುಡಾಗಿತ್ತು. ಕೊನೆಗೆ ಎಣ್ಣೆ ಉಕ್ಕಿ ಹೊರಚಿಮ್ಮಿ, ಹೊತ್ತಿಕೊಂಡು, 15 ಜನ ಸತ್ತರು. 180 ಜನ ಗಾಯಗೊಂಡರು.

ನಮ್ಮ ಹಳ್ಳಿಗಳ ಎಷ್ಟೋ ಹುಡುಗರು ಹುಡುಗಿಯರು ಐ.ಟಿ.ಐ. ಮುಗಿಸಿ ಸಕ್ಕರೆ ಕಾರ್ಖಾನೆ, ಡೇರಿಗಳಲ್ಲಿ ಇಂಥ ಪರದೆಗಳ ಮುಂದೆ ಕೂಡುತ್ತಾರೆ. ಒಳ್ಳೆಯ ಡೇರಿಗಳಲ್ಲಿ ಕೊಳವೆಗೇ ಜೋಡಿಸಿದ ಇನ್ನೊಂದು ಥರ್ಮಾಮೀಟರ್ ಇರುತ್ತದೆ. ಪಾಳಿಯವರು ಎದ್ದುಹೋಗಿ ಅದನ್ನು ಓದಿ, ಪರದೆಯ ಅಂಕಿಯೊಡನೆ ತಾಳೆ ನೋಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾರೆ. ಸಂಘದ ಸದಸ್ಯರು ಡೇರಿ ನೋಡಲು ಹೋದಾಗ ಪರದೆಯ ಕೋಣೆಯ ಜೊತೆಗೆ ಆ ಪುಸ್ತಕವನ್ನೂ ಕೇಳಿ ನೋಡಬಹುದು.