ಶಾಸನೋಲ್ಲೇಖದಲ್ಲಿ ಆವೃತ್ತಿಯ ಪ್ರಶ್ನೆ

ಸಂಶೋಧನ ಪ್ರಬಂಧದಲ್ಲಿ ಅಡಿಟಿಪ್ಪಣಿಯ ಪ್ರಯೋಜನ ಓದುಗನನ್ನು ಮೂಲ ಆಕರದವರೆಗೆ ತಲುಪಿಸುವುದು. ಆ ದಾರಿ ಎಷ್ಟು ಸುಲಭವಾಗಿ ತಪ್ಪಬಹುದೆಂಬುದಕ್ಕೆ ಶ್ರವಣಬೆಳಗೊಳದ ಶಾಸನಗಳ ಉಲ್ಲೇಖವೇ ನಿದರ್ಶನ.

ಬಿ. ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡನೆಯ ಸಂಪುಟದಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಶಾಸನಗಳು ಹೆಚ್ಚಿದಾಗ ಕ್ರಮಸಂಖ್ಯೆಗಳೂ ಬದಲಾದವು. ಆದುದರಿಂದ ‘ಎ.ಕ. 2, ಶ್ರಬೆ 140’ ಎಂದಷ್ಟೇ ಬರೆದರೆ ಅದು ಒಂದೊಂದು ಆವೃತ್ತಿಯಲ್ಲಿ ಒಂದೊಂದು ಶಾಸನವನ್ನು ಸೂಚಿಸಬಹುದು.

ಮುಂಬಯಿಯಲ್ಲೋ ದೆಹಲಿಯಲ್ಲೋ ಅಭ್ಯಾಸಮಾಡುವ ವಿದ್ಯಾರ್ಥಿಗೆ ಈ ಮೂರೂ ಒಂದೇ ಗ್ರಂಥಾಲಯದಲ್ಲಿ ದೊರೆಯದಿರಬಹುದು. ಆಗ ಅನ್ಯರ ಗ್ರಂಥದಲ್ಲಿ ಕಂಡ ಸಂಖ್ಯೆಯನ್ನೇ ಎತ್ತಿಕೊಳ್ಳುವ ಮೋಹ ಸಹಜ. ಹಳೆಯ ಸಂಖ್ಯೆಗೆ ಹೊಸ ಆವೃತ್ತಿಯ ಹೆಸರು ಅಂಟಿಕೊಳ್ಳುವುದು ಹೀಗೆಯೇ. ಮುಂದಿನವರು ಅದನ್ನು ನಕಲು ಮಾಡಿದರೆ ದೋಷವೇ ಪ್ರಮಾಣವಾಗುತ್ತದೆ.

ಪ್ರಬಂಧವನ್ನು ಒಪ್ಪಿಸುವ ಮುನ್ನ ಪ್ರತಿಯೊಂದು ಉಲ್ಲೇಖದಲ್ಲಿಯೂ ಸಂಪುಟ, ಆವೃತ್ತಿಯ ವರ್ಷ, ಶಾಸನಸಂಖ್ಯೆ, ಪಂಕ್ತಿ ಈ ನಾಲ್ಕೂ ಇವೆಯೇ ಎಂದು ನೋಡಬೇಕು. ಸಂಕ್ಷೇಪಾಕ್ಷರಗಳು ಮೊದಲಿನಿಂದ ಕೊನೆಯವರೆಗೆ ಒಂದೇ ರೂಪದಲ್ಲಿರಬೇಕು. ಉದ್ಧರಿಸಿದ ಪಾಠವನ್ನು ಮುದ್ರಿತ ಪಾಠದೊಡನೆ ಅಕ್ಷರಶಃ ತಾಳೆನೋಡಬೇಕು. ಮೂಲವನ್ನು ಕಣ್ಣಾರೆ ಕಾಣದಿದ್ದಲ್ಲಿ, ಯಾರ ಗ್ರಂಥದಿಂದ ಅದನ್ನು ಪಡೆಯಲಾಯಿತೆಂಬುದನ್ನು ತಿಳಿಸಬೇಕು. ಹಾಗೆ ತಿಳಿಸುವುದರಿಂದ ಸಂಶೋಧಕನ ಗೌರವಕ್ಕೆ ಕುಂದಿಲ್ಲ. ಕಾಣದುದನ್ನು ಕಂಡಂತೆ ಬರೆದರೆ ಕುಂದುಂಟು.