ಗೊಣ್ಣೆಯ ಬಣ್ಣ ಬಿಡಿ, ಪಕ್ಕೆ ನೋಡಿ: ಪುಟ್ಟ ಮಕ್ಕಳ ಶೀತ-ಕೆಮ್ಮು ಗೆಲ್ಲುವ ಸೂತ್ರಗಳು

ಮುಂಗಾರು ಹಿಡಿದು, ಅಂಗನವಾಡಿ, ಎಲ್‌ಕೆಜಿಗಳು ಶುರುವಾದವೆಂದರೆ ಮಕ್ಕಳ ಡಾಕ್ಟರ ಬಾಗಿಲಲ್ಲಿ ಕೂರಲು ಜಾಗವಿರುವುದಿಲ್ಲ. ಚೆನ್ನಾಗಿರುವ ಮಗುವಿಗೂ ವರ್ಷಕ್ಕೆ ಆರರಿಂದ ಎಂಟು ಸಲ ಶೀತವಾಗುವುದು ಸಹಜ. ಅದರಲ್ಲಿ ಬಹುಪಾಲು ವೈರಸ್ಸಿನದೇ. ಬಂದ ಹಾಗೆ ಹೋಗುತ್ತದೆ. ಕೆಲವೇ ಮಕ್ಕಳಲ್ಲಿ ಅದು ಎದೆಗಿಳಿಯುತ್ತದೆ. ಆ ಕೆಲವರನ್ನು ಹೊತ್ತು ಮೀರುವ ಮೊದಲೇ ಗುರುತಿಸಲು ಮನೆಯವರಿಗೆ ಸಾಧ್ಯವಿದೆ, ಅದನ್ನು ಪ್ರತಿ ತಾಯಿ, ತಂದೆ, ಅಜ್ಜಿ ಕಲಿಯಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

1. ವೈರಸ್ಸಿನ ಹೆಸರು ಕೇಳಿ ಹೆದರಬೇಡಿ.
2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಎರಡು ಕೂಸುಗಳಿಗೆ ಎಚ್‌ಎಂಪಿವಿ ಇದೆಯೆಂದು ಸುದ್ದಿಯಾದಾಗ ಎಷ್ಟೋ ಮನೆಗಳಲ್ಲಿ ನಿದ್ದೆ ಕೆಟ್ಟಿತು. ಅದು ಹೊಸ ವೈರಸ್ ಆಗಿರಲಿಲ್ಲ. 2001ರಲ್ಲೇ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಅದನ್ನು ಗುರುತಿಸಿದ್ದರು. ಅದಕ್ಕೂ ಮೊದಲಿನಿಂದಲೇ ಅದು ಮಕ್ಕಳನ್ನು ಕಾಡುತ್ತಿತ್ತು. ಅದರ ಹತ್ತಿರದ ಬಂಧು ಆರ್‌ಎಸ್‌ವಿ ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆ ಬಂದು ಹೋಗಿರುತ್ತದೆ. ಹೆಸರು ಯಾವುದೇ ಇರಲಿ, ಮನೆಯಲ್ಲಿ ಮಾಡಬೇಕಾದ ಆರೈಕೆ ಒಂದೇ.

2. ಉಸಿರು ಎಣಿಸಲು ಕಲಿಯಿರಿ.
ಈ ಪಟ್ಟಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಮಗು ನಿದ್ದೆಯಲ್ಲಿರುವಾಗ ಅಥವಾ ಸುಮ್ಮನೆ ಮಡಿಲಲ್ಲಿರುವಾಗ ಅಂಗಿ ಮೇಲೆತ್ತಿ. ದೀಪ ಹಾಕಿ. ಹೊಟ್ಟೆ ಒಂದು ಸಲ ಉಬ್ಬಿ ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಕೂಸುಗಳ ಉಸಿರು ಒಂದೇ ಸಮನೆ ಇರುವುದಿಲ್ಲ. ಅಳುವಾಗ, ಹಾಲು ಕುಡಿಯುವಾಗ ಎಣಿಸಿದ ಲೆಕ್ಕ ಲೆಕ್ಕವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇದು: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ಜೋರು ಉಸಿರು. ಜ್ವರವಿದ್ದಾಗ ಉಸಿರು ತುಸು ಏರುತ್ತದೆ. ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಆಗಲೂ ಜೋರಾಗಿದ್ದರೆ ಡಾಕ್ಟರ ಹತ್ತಿರ ಹೊರಡಿ.

ಎಣಿಸುತ್ತಲೇ ಪಕ್ಕೆಯನ್ನೂ ನೋಡಿ. ಉಸಿರು ಒಳಗೆಳೆದಾಗ ಎದೆಯ ಕೆಳಭಾಗ ಹೊರಗೆ ಬರಬೇಕು. ಬದಲಿಗೆ ಒಳಕ್ಕೆ ಗುಳಿ ಬೀಳುತ್ತಿದ್ದರೆ, ಮೂಗಿನ ಹೊಳ್ಳೆಗಳು ಅರಳುತ್ತಿದ್ದರೆ, ಪ್ರತಿ ಉಸಿರಿಗೂ ನರಳುತ್ತಿದ್ದರೆ ಎಣಿಕೆ ಪೂರ್ತಿಯಾಗುವವರೆಗೂ ಕಾಯಬೇಡಿ. ಎದೆ ಗೊರಗೊರ ಎನ್ನುವುದು ಎಷ್ಟೋ ಸಲ ಮೂಗಿನ ಸದ್ದೇ ಆಗಿರುತ್ತದೆ. ಪಕ್ಕೆ ಸೆಳೆತ ಮಾತ್ರ ಎಂದೂ ಸಣ್ಣ ವಿಷಯವಲ್ಲ.

3. ಐದನೇ ದಿನ ದಾಟುವವರೆಗೆ ಕಾವಲಿರಿ.
ವರ್ಷದೊಳಗಿನ ಮಕ್ಕಳಲ್ಲಿ ಆರ್‌ಎಸ್‌ವಿಯಂಥ ವೈರಸ್ ಶ್ವಾಸಕೋಶದ ತೀರಾ ಸಣ್ಣ ಗಾಳಿಕೊಳವೆಗಳಿಗೆ ಇಳಿದು, ಅವು ಊದಿಕೊಂಡು ಕಫದಿಂದ ಕಟ್ಟಿಕೊಳ್ಳುತ್ತವೆ. ಇದಕ್ಕೆ ಬ್ರಾಂಕಿಯೋಲೈಟಿಸ್ ಎನ್ನುತ್ತಾರೆ. ಮೊದಲೆರಡು ದಿನ ಬರೀ ಮೂಗು ಸೋರುತ್ತದೆ. ಮೂರರಿಂದ ಐದನೇ ದಿನದ ನಡುವೆ ರೋಗ ಜೋರಾಗುತ್ತದೆ. ಎರಡನೇ ದಿನ ಡಾಕ್ಟರು 'ಏನಿಲ್ಲ' ಎಂದದ್ದು ನಿಜವೇ ಇರಬಹುದು, ನಾಲ್ಕನೇ ದಿನಕ್ಕೆ ಅದು ಹೊಂದುವುದಿಲ್ಲ. ಮೊನ್ನೆ ತಾನೇ ತೋರಿಸಿದೆವಲ್ಲ ಎಂದು ಸಂಕೋಚಪಟ್ಟು ಕೂರಬೇಡಿ. ಇನ್ನೊಮ್ಮೆ ಹೋಗಿ.

ಈ ರೋಗಕ್ಕೆ ವೈರಸ್ಸನ್ನು ಕೊಲ್ಲುವ ಔಷಧ ಸಾಮಾನ್ಯವಾಗಿ ಕೊಡುವುದಿಲ್ಲ. ಆಸ್ಪತ್ರೆಯಲ್ಲೂ ಮುಖ್ಯ ಚಿಕಿತ್ಸೆ ಆಮ್ಲಜನಕ, ಜೊತೆಗೆ ಹೊಟ್ಟೆಗೆ ಸಾಕಷ್ಟು ಹಾಲು. 'ಒಂದು ಇಂಜೆಕ್ಷನ್ ಹಾಕಿಬಿಡಿ ಸಾರ್' ಎಂದು ಒತ್ತಾಯಿಸುವುದರಿಂದ ಮಗುವಿಗೆ ನೋವು ಬಿಟ್ಟರೆ ಬೇರೇನೂ ಸಿಗದು.

4. ಮೊದಲು ಮೂಗು, ಆಮೇಲೆ ಹಾಲು.
ಮೊದಲ ಕೆಲವು ತಿಂಗಳು ಕೂಸು ಉಸಿರಾಡುವುದು ಹೆಚ್ಚಾಗಿ ಮೂಗಿನಿಂದಲೇ. ಮೂಗು ಕಟ್ಟಿದರೆ ಮೊಲೆ ಹಿಡಿದು ಕುಡಿಯಲಾಗದೆ ಬಿಟ್ಟು ಅಳುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ 0.65 ಶೇಕಡಾ ಸಲೈನ್ ಡ್ರಾಪ್ಸ್ ಒಂದೆರಡು ಹನಿ ಬಿಟ್ಟು, ಮೆತ್ತಗಿನ ಬಟ್ಟೆಯಿಂದ ಒರೆಸಿ, ಆಮೇಲೆ ಹಾಲು ಕೊಡಿ. ಒಂದೇ ಸಲಕ್ಕೆ ಹೊಟ್ಟೆ ತುಂಬಿಸಲು ಹೋಗದೆ ಸ್ವಲ್ಪ ಸ್ವಲ್ಪ, ಪದೇ ಪದೇ ಕುಡಿಸಿ. ದಿನಾ ಕುಡಿಯುವುದರ ಅರ್ಧಕ್ಕಿಂತ ಕಡಿಮೆ ಕುಡಿಯುತ್ತಿದ್ದರೆ, ಹನ್ನೆರಡು ಗಂಟೆ ಕಳೆದರೂ ಉಚ್ಚೆ ಹೊಯ್ಯದಿದ್ದರೆ ಆಸ್ಪತ್ರೆಗೆ ಹೊರಡಿ. ಮೂಗಿಗೆ ಎಣ್ಣೆ ಮಾತ್ರ ಬಿಡಲೇಬೇಡಿ. ಅದು ಜಾರಿ ಶ್ವಾಸಕೋಶಕ್ಕೆ ಇಳಿದರೆ ಬೇರೆಯದೇ ಬಗೆಯ ನ್ಯುಮೋನಿಯಾ ಆಗುತ್ತದೆ.

5. ಕೆಮ್ಮಿನ ಸಿರಪ್ ತರಬೇಡಿ.
2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ಸತ್ತರು. ಆ ಸಿರಪ್ಪಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವಿತ್ತು. ಸಾಮಾನ್ಯ ಕೆಮ್ಮು-ನೆಗಡಿಗೆಂದು ಮನೆಯವರು ನಂಬಿ ಕೊಟ್ಟ ಔಷಧ ಅದು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಔಷಧ ಕೊಡಬಾರದು, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಎಂದು ಹೇಳಿತು. ವಿಷವಿಲ್ಲದ ಸಿರಪ್ಪಿನಿಂದಲೂ ಈ ವಯಸ್ಸಿನ ಕೆಮ್ಮು ಬೇಗ ವಾಸಿಯಾಗುವುದಿಲ್ಲ. ಅಂಥದ್ದಕ್ಕಾಗಿ ಮಗುವನ್ನು ಅಪಾಯಕ್ಕೆ ಒಡ್ಡುವುದು ಯಾಕೆ?

6. ಗೊಣ್ಣೆ ಹಸಿರಾದರೆ ಆಂಟಿಬಯೋಟಿಕ್ ಬೇಕೆಂದಲ್ಲ.
ವೈರಸ್ ಶೀತದಲ್ಲೂ ಮೂರು-ನಾಲ್ಕನೇ ದಿನ ಗೊಣ್ಣೆ ಹಳದಿ, ಹಸಿರು ಆಗುತ್ತದೆ. ಆಂಟಿಬಯೋಟಿಕ್ ವೈರಸ್ಸಿಗೆ ನಾಟುವುದಿಲ್ಲ. ಅಕ್ಕನ ಮಗುವಿಗೆ ತಂದು ಉಳಿದ ಬಾಟಲಿಯನ್ನು ಎಸೆದುಬಿಡಿ. ಡಾಕ್ಟರೇ ಪರೀಕ್ಷಿಸಿ ನ್ಯುಮೋನಿಯಾ ಎಂದು ಬರೆದುಕೊಟ್ಟರೆ ಮಾತು ಬೇರೆ. ಆಗ ಹೇಳಿದಷ್ಟು ದಿನ ಪೂರ್ತಿ ಕೊಡಿ.

7. ಪ್ಯಾರಸಿಟಮಾಲ್ ಬಾಟಲಿ ಓದಿ ಕೊಡಿ.
ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. ಡ್ರಾಪ್ಸ್ ಬಾಟಲಿಯ ಒಂದು ಮಿಲಿಯಲ್ಲೇ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ ಐದು ಮಿಲಿಗೆ 125, ಇನ್ನೊಂದು ಬಗೆಯದರಲ್ಲಿ 250. ಆರು ಕೆಜಿ ಕೂಸಿಗೆ 90 ಮಿಲಿಗ್ರಾಂ ಎಂದರೆ 125ರ ಸಿರಪ್ಪಿನಲ್ಲಿ ಸುಮಾರು ಮೂರೂವರೆ ಮಿಲಿ, ಡ್ರಾಪ್ಸ್‌ನಲ್ಲಿ 0.9 ಮಿಲಿ. ಸಿರಪ್ ಎಂದುಕೊಂಡು ಡ್ರಾಪ್ಸ್ ಮೂರೂವರೆ ಮಿಲಿ ಹಾಕಿದರೆ ಹತ್ತಿರ ಹತ್ತಿರ ನಾಲ್ಕು ಪಟ್ಟು ಔಷಧ ಹೊಟ್ಟೆಗೆ ಹೋಯಿತು. ಡಾಕ್ಟರ ಚೀಟಿಯಲ್ಲಿ ಯಾವುದು, ಎಷ್ಟು ಮಿಲಿ ಎಂದು ಬರೆಸಿಕೊಂಡೇ ಹೊರಗೆ ಬನ್ನಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ ಮನೆಯಲ್ಲಿ ಔಷಧ ಹಾಕಿ ನೋಡುತ್ತಾ ಕೂರಬೇಡಿ. ಅದೇ ಹೊತ್ತಿಗೆ ತೋರಿಸಿ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ.

8. ಅಜ್ಜಿಯ ಮದ್ದಿನಲ್ಲಿ ಆರಿಸಿಕೊಳ್ಳಿ.
ವರ್ಷ ತುಂಬಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನು ಒಳ್ಳೆಯದು, ರಾತ್ರಿ ಕೆಮ್ಮು ಕಡಿಮೆಯಾಗುತ್ತದೆ. ವರ್ಷದೊಳಗೆ ನೆಕ್ಕಿಸಲೂ ಬಾರದು, ಬಾಟ್ಯುಲಿಸಂ ಎಂಬ ಅಪಾಯವಿದೆ. ಬೆಚ್ಚಗಿನ ಗಂಜಿ, ತಿಳಿಸಾರು ಆರು ತಿಂಗಳು ದಾಟಿದವರಿಗೆ ಸರಿ. ಸ್ನಾನದ ಮೇಲೆ ಹಾಕುವ ಸಾಂಬ್ರಾಣಿ, ಲೋಬಾನದ ಹೊಗೆ ಬಿಟ್ಟುಬಿಡಿ. ಊದಿಕೊಂಡ ಗಾಳಿಕೊಳವೆಗೆ ಯಾವ ಹೊಗೆಯೂ ಆಗದು, ಬೀಡಿಯದಾಗಲಿ, ಹಂಡೆ ಒಲೆಯದಾಗಲಿ. ಕರ್ಪೂರ ಬಾಯಿಗೆ ಹೋದರೆ ಫಿಟ್ಸ್ ಬರುತ್ತದೆ. ಅದರ ಗಂಟು ತೊಟ್ಟಿಲಿಗೆ ಕಟ್ಟಬೇಡಿ, ಕರ್ಪೂರವಿರುವ ಮುಲಾಮನ್ನು ಎರಡು ವರ್ಷದೊಳಗೆ ಹಚ್ಚಬೇಡಿ. ಕುದಿಯುವ ನೀರಿನ ಹಬೆಯಿಂದ ಮಕ್ಕಳು ಸುಟ್ಟುಕೊಳ್ಳುತ್ತಾರೆ. ಇನ್ನು ಬರೆ ಹಾಕಿಸುವುದು: ಉಸಿರಿಗೆ ಒದ್ದಾಡುತ್ತಿರುವ ಕೂಸಿಗೆ ಸುಟ್ಟಗಾಯವನ್ನೂ ಸೇರಿಸುವ ಈ ಪದ್ಧತಿಯನ್ನು ಯಾರು ಹೇಳಿದರೂ, ಎಷ್ಟೇ ಹಿರಿಯರು ಹೇಳಿದರೂ ಒಪ್ಪಬೇಡಿ.

9. ಇವು ಕಂಡರೆ 108.
ಏನನ್ನೂ ಕುಡಿಯಲಾಗುತ್ತಿಲ್ಲ. ಕುಡಿದದ್ದೆಲ್ಲ ವಾಂತಿ. ಫಿಟ್ಸ್. ಎಬ್ಬಿಸಿದರೂ ಕಣ್ಣು ಬಿಡದಷ್ಟು ಮಂಪರು. ತುಟಿ, ನಾಲಿಗೆ ನೀಲಿ. ಉಸಿರು ನಡುನಡುವೆ ನಿಲ್ಲುವುದು. ಸುಮ್ಮನಿರುವಾಗಲೂ ಉಸಿರು ಎಳೆದುಕೊಳ್ಳುವಾಗ ಕರಕರ ಸದ್ದು. ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎರಡು ಗಂಟೆಯಾದರೂ ಸರಿ, ಹೊರಡಿ. ತಿಂಗಳು ತುಂಬುವ ಮುನ್ನ ಹುಟ್ಟಿದ ಕೂಸು, ಹೃದಯದ ತೊಂದರೆಯಿರುವ ಕೂಸು, ಎರಡು ತಿಂಗಳೊಳಗಿನ ಕೂಸು ಇದ್ದರೆ ಇಷ್ಟಾಗುವವರೆಗೂ ತಡೆಯಬೇಡಿ.

10. ಕೂಸಿಗೆ ಶೀತ ತರುವವರು ನಾವೇ.
ತಣ್ಣೀರು, ಬಾಳೆಹಣ್ಣು, ತಾಯಿ ತಿಂದ ಮೊಸರನ್ನ, ಯಾವುದೂ ವೈರಸ್ ತರುವುದಿಲ್ಲ. ಬಾಣಂತಿಯನ್ನು ಅದಕ್ಕಾಗಿ ಬೈಯುವುದು ಅನ್ಯಾಯ. ಶಾಲೆಯಿಂದ ಬಂದ ಅಣ್ಣ, ನಾಮಕರಣಕ್ಕೆ ಬಂದು ಮುದ್ದಿಸಿದ ನೆಂಟರು ತರುತ್ತಾರೆ. ಆರ್‌ಎಸ್‌ವಿ ಮೇಜು, ಆಟಿಕೆಗಳ ಮೇಲೆ ಗಂಟೆಗಟ್ಟಲೆ ಬದುಕಿರುತ್ತದೆ. ಹಾಗಾಗಿ ಸೋಪು ಹಚ್ಚಿ ಕೈ ತೊಳೆಯದೆ ಯಾರ ಕೈಗೂ ಕೂಸನ್ನು ಕೊಡಬೇಡಿ. ತಾಯಿಗೇ ಶೀತವಾದರೆ ಮಾಸ್ಕ್ ಹಾಕಿಕೊಂಡು ಎದೆಹಾಲು ಮುಂದುವರಿಸಲಿ.

ಲಸಿಕೆ ತಪ್ಪಿಸಬೇಡಿ. ವೈರಸ್ಸಿನ ಬೆನ್ನಿಗೇ ಬರುವ ಬ್ಯಾಕ್ಟೀರಿಯಾ ನ್ಯುಮೋನಿಯಾವನ್ನು ತಡೆಯುವ ಪಿಸಿವಿ ಲಸಿಕೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 6 ಮತ್ತು 14ನೇ ವಾರ ಹಾಗೂ 9ನೇ ತಿಂಗಳಲ್ಲಿ ಪುಕ್ಕಟೆಯಾಗಿ ಹಾಕುತ್ತಾರೆ. ಫ್ಲೂ ಲಸಿಕೆಯನ್ನು ಆರು ತಿಂಗಳು ತುಂಬಿದ ಮೇಲೆ ವರ್ಷಕ್ಕೊಮ್ಮೆ ಹಾಕಿಸಬಹುದು.

11. ವಾಸಿಯಾದ ಮೇಲೂ ಎರಡು ವಾರ.
ಉಸಿರು ಸರಿಹೋಗಿ, ಆಟಕ್ಕೆ ಮರಳಿದ ಮೇಲೂ ಕೆಮ್ಮು ಎರಡು ಮೂರು ವಾರ ಉಳಿಯುತ್ತದೆ. ಅದಕ್ಕೆಂದು ಡಾಕ್ಟರಿಂದ ಡಾಕ್ಟರಿಗೆ ಅಲೆಯುವುದು ಬೇಡ. ಮೂರು ವಾರ ದಾಟಿದರೂ ನಿಲ್ಲದಿದ್ದರೆ, ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ ತೋರಿಸಿ. ಕಾಯಿಲೆಯಲ್ಲಿ ಇಳಿದ ತೂಕ ಮರಳಿ ಬರಲು ದಿನಕ್ಕೊಂದು ಊಟ ಹೆಚ್ಚಿಗೆ ಕೊಡಿ: ತುಪ್ಪ ಹಾಕಿದ ರಾಗಿ ಸರಿ, ಬೇಳೆ ಅನ್ನ, ತಿನ್ನುವವರಾದರೆ ಮೊಟ್ಟೆ. ಎರಡು ವಾರದ ನಂತರ ಅಂಗನವಾಡಿಯಲ್ಲಿ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಗುರುತು ಮಾಡಿಸಿಕೊಳ್ಳಿ.