ನೀರು ಇಳಿಯುವ ದಾರಿ: ಕರಾವಳಿಯಲ್ಲಿ ಹಳೆಯ ವಾಹನಗಳ ಮನೆದುರಸ್ತಿ

ಉಡುಪಿ ಜಿಲ್ಲೆಯಲ್ಲಿ ಹಳೆಯ ಕಾರು ಅಥವಾ ಟೆಂಪೋದ ಆಯುಸ್ಸನ್ನು ಅದು ಓಡಿದ ಕಿಲೋಮೀಟರುಗಳಿಗಿಂತ ಅದು ಕಂಡ ಮಳೆಗಾಲಗಳೇ ಹೆಚ್ಚಾಗಿ ನಿರ್ಧರಿಸುತ್ತವೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಈ ಸೀಮೆಯಲ್ಲಿ ಎಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ತಳದ ತಗಡು ತೂತಾಗಿ ಗುಜರಿ ಸೇರುವ ವಾಹನಗಳು ಅಪರೂಪವಲ್ಲ. ಕಾರ್ಬುರೇಟರ್ ಇರುವ ಮಾರುತಿ 800 ಕಾರನ್ನೂ ಟಾಟಾ 407 ಟೆಂಪೋವನ್ನೂ ಅಂಗಳದಲ್ಲೇ ನೋಡಿಕೊಂಡು ಬಂದ ಅನುಭವದ ಸಾರವೆಂದರೆ, ನೀರು ಎಲ್ಲಿ ನಿಲ್ಲುತ್ತದೆಂದು ಹುಡುಕಿ ಅದಕ್ಕೆ ದಾರಿ ಬಿಡುವುದೇ ಇಲ್ಲಿ ದುರಸ್ತಿಯ ಮೊದಲ ಪಾಠ.

ಕಬ್ಬಿಣ, ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಸೇರಿದರೆ ತುಕ್ಕು ಹುಟ್ಟುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ಅದು ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದರಿಂದ ಆ ಕ್ರಿಯೆ ಇನ್ನಷ್ಟು ವೇಗ ಪಡೆಯುತ್ತದೆ. ಆದ್ದರಿಂದಲೇ ಕಾಪುವಿನ ಕಡಲ ದಡದಲ್ಲಿ ನಿಲ್ಲುವ ಕಾರಿಗೂ, ಮಲ್ಪೆಯಿಂದ ಮೀನು ಹೊತ್ತು ಮಂಜುಗಡ್ಡೆಯ ಉಪ್ಪುನೀರನ್ನು ಚಾಸಿಯ ಮೇಲೆ ಸೋರಿಸಿಕೊಳ್ಳುವ ಟೆಂಪೋಗೂ ವಾರಕ್ಕೊಮ್ಮೆಯಾದರೂ ತಳಭಾಗಕ್ಕೆ ಸಿಹಿನೀರು ಹಾಯಿಸುವುದು ಮೇಲಿನ ಪಾಲಿಶ್‌ಗಿಂತ ಮುಖ್ಯವಾಗುತ್ತದೆ. ಕಾರ್ಕಳದ ಕಡೆ ಉಪ್ಪಿನ ಕಾಟ ಕಡಿಮೆಯಾದರೂ ಕೆಂಪು ಕೆಸರು ಚಕ್ರದ ಮೇಲಿನ ಮಡಿಕೆಗಳಲ್ಲಿ ಕುಳಿತು ದಿನಗಟ್ಟಲೆ ಹಸಿಯಾಗಿಯೇ ಉಳಿಯುವುದರಿಂದ ಫಲ ಬಹುತೇಕ ಒಂದೇ.

ಮಾರುತಿ 800ರ ಬಾಗಿಲಿನ ಕೆಳ ಅಂಚಿನಲ್ಲಿ, ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ಹೊರಹೋಗಲೆಂದು ಸಣ್ಣ ತೂತುಗಳಿವೆ. ಮಾವಿನ ಹೂವು, ಎಲೆಯ ಚೂರು ಮತ್ತು ಧೂಳು ಸೇರಿ ಅವು ಮುಚ್ಚಿದಾಗ ನೀರು ಬಾಗಿಲಿನೊಳಗೇ ನಿಂತು, ತುಕ್ಕು ಒಳಗಿನಿಂದ ಹೊರಕ್ಕೆ ಬಂದು, ಬಣ್ಣ ಗುಳ್ಳೆಯೆದ್ದಾಗಲಷ್ಟೇ ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ತಗಡು ಕಾಗದದಷ್ಟು ತೆಳುವಾಗಿರುತ್ತದೆ. ಹಿಡಿಸೂಡಿಯ ಒಂದು ಕಡ್ಡಿಯನ್ನು ಆ ತೂತಿನೊಳಗೆ ಆಡಿಸಿದರೆ ಮೊದಲು ಕಪ್ಪು ಕೆಸರು, ಆಮೇಲೆ ತುಕ್ಕು ಬೆರೆತ ನೀರು ಇಳಿಯುತ್ತದೆ. ವೈಪರ್‌ಗಳ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿದರೆ ಮಳೆನೀರು ಕಾಲಡಿಯ ಮ್ಯಾಟಿನ ಕೆಳಗೆ ಸೇರುತ್ತದೆ. ಈ ಕಾರಿಗೆ ಟೆಂಪೋಗಿರುವಂತೆ ಪ್ರತ್ಯೇಕ ಚಾಸಿ ಇಲ್ಲದೆ ತಳದ ತಗಡೇ ಭಾರ ಹೊರುವುದರಿಂದ, ಮ್ಯಾಟಿನ ಕೆಳಗಿನ ತೂತನ್ನು ಪುಟ್ಟಿ ಹಚ್ಚಿ ಮರೆಮಾಡುವಂತಿಲ್ಲ.

ತಳಕ್ಕೆ ಹಚ್ಚುವ ಕಪ್ಪು ಲೇಪ, ಅಂದರೆ ಅಂಡರ್‌ಕೋಟಿಂಗ್, ಒಣಗಿದ ಶುದ್ಧ ಲೋಹಕ್ಕೆ ರಕ್ಷಣೆ ಕೊಡುತ್ತದೆ. ಇದ್ದ ತುಕ್ಕಿನ ಮೇಲೆಯೇ ಹಚ್ಚಿದರೆ ತೇವವನ್ನು ಒಳಗೆ ಹಿಡಿದಿಟ್ಟು ಹಾನಿಯನ್ನು ಮರೆಯಲ್ಲಿ ಬೆಳೆಸುತ್ತದೆ. ತಂತಿಬ್ರಷ್ಷಿನಿಂದ ಉಜ್ಜುವುದು, ರೆಡ್ ಆಕ್ಸೈಡ್ ಬಳಿಯುವುದು, ಅದು ಪೂರ್ತಿ ಒಣಗಿದ ಮೇಲೆ ಲೇಪ ಹಚ್ಚುವುದು ಎಂಬ ಕ್ರಮಕ್ಕೆ ಬಿಸಿಲು ಬೇಕಾದ್ದರಿಂದ, ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ ಬರುವ ತುಳುವರ ಆಚರಣೆಯ ದಿನವಾದ ಪತ್ತನಾಜೆಯೊಳಗೆ ಈ ಕೆಲಸ ಮುಗಿಯಬೇಕು. ಮಳೆಗಾಲದ ನಡುವಿನ ತುಳು ತಿಂಗಳಾದ ಆಟಿಯ ಮಳೆಯಲ್ಲಿ ಬಳಿದ ಬಣ್ಣ ನಿಲ್ಲುವುದಿಲ್ಲ.

ಕಣ್ಣಿಗೆ ಕಾಣದ ನೀರು ಇನ್ನೂ ಅಪಾಯಕಾರಿ. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮವಾದರೆ, ತೇವ ಹೀರಿದ ಆಯಿಲ್‌ಗೆ ಆ ಮಿತಿ 140 ಡಿಗ್ರಿ ಮಾತ್ರ. ಉಡುಪಿ–ಕಾಪು ಹೆದ್ದಾರಿಯ ಸಮತಟ್ಟಿನಲ್ಲಿ ಈ ವ್ಯತ್ಯಾಸ ತಿಳಿಯದು; ಆಗುಂಬೆ ಘಾಟಿಯ ತಿರುವುಗಳನ್ನು ಬ್ರೇಕ್ ಒತ್ತುತ್ತಲೇ ಇಳಿದು ಸೋಮೇಶ್ವರ ತಲುಪುವ ಹೊತ್ತಿಗೆ ಆಯಿಲ್ ಕುದ್ದು, ಕೊಳವೆಯಲ್ಲಿ ಆವಿ ತುಂಬಿ, ಪೆಡಲು ಸುಮ್ಮನೆ ಕೆಳಗಿಳಿಯಬಹುದು. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವುದೂ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿ ಇಳಿಯುವುದೂ ಕಡ್ಡಾಯ.

ಇಂಧನದ ವಿಚಾರದಲ್ಲೂ ಇದೇ ಎಚ್ಚರ ಬೇಕು. ಟೆಂಪೋದ ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಕೆಳಗಿನ ತಿರುಪು ಸಡಿಲಿಸಿ, ಶುದ್ಧ ಡೀಸೆಲ್ ಬರುವವರೆಗೆ ಹರಿಯಬಿಡಬೇಕು. ಶೇಕಡಾ 20ರಷ್ಟು ಎಥನಾಲ್ ಬೆರೆತ ಈಗಿನ ಪೆಟ್ರೋಲು ತೇವವನ್ನು ಸೆಳೆಯುವುದಲ್ಲದೆ ಹಳೆಯ ಕಾರುಗಳ ರಬ್ಬರ್ ಹೋಸ್‌ಗಳನ್ನೂ ಕಾರ್ಬುರೇಟರಿನ ಡಯಾಫ್ರಾಮನ್ನೂ ಮೆತ್ತಗಾಗಿಸಬಲ್ಲದು. ದುಬೈಯಲ್ಲೋ ಮುಂಬೈಯಲ್ಲೋ ಇರುವವರು ಮಣಿಪಾಲದ ಮನೆಯಲ್ಲಿ ಟಾರ್ಪಾಲು ಹೊದಿಸಿ ಬಿಟ್ಟುಹೋಗುವ ಕಾರುಗಳಿಗೆ ಈ ತೊಂದರೆಯ ಜೊತೆಗೆ ಟಾರ್ಪಾಲಿನಡಿಯ ಬೆವರೂ ಸೇರುತ್ತದೆ. ಗಾಳಿಯಾಡುವ ಮಾಡಿನ ಕೆಳಗೆ ಹೊದಿಕೆಯಿಲ್ಲದೆ ನಿಲ್ಲಿಸುವುದೇ ಮೇಲು.

ಅಂಗಳದ ಕೆಲಸಕ್ಕೂ ಮಿತಿಗಳಿವೆ. ಒದ್ದೆ ಮಣ್ಣಿನಲ್ಲಿ ಜ್ಯಾಕ್ ಹೂತುಹೋಗುತ್ತದೆ, ಕೈಗೆ ಸುಲಭವಾಗಿ ಸಿಗುವ ಮುರಕಲ್ಲು ಭಾರಕ್ಕೆ ಪುಡಿಯಾಗುತ್ತದೆ. ಆದ್ದರಿಂದ ದಪ್ಪ ಹಲಗೆಯ ಮೇಲೆ ಕಬ್ಬಿಣದ ಸ್ಟ್ಯಾಂಡ್ ಇಡದೆ ಯಾರೂ ವಾಹನದಡಿಗೆ ಹೋಗಬಾರದು. ಮುರಕಲ್ಲಿನ ನೆಲ ರಂಧ್ರಮಯವಾದ್ದರಿಂದ ಚೆಲ್ಲಿದ ಹಳೆಯ ಆಯಿಲ್ ಪಕ್ಕದ ಬಾವಿಗೂ ಇಳಿಯಬಹುದು. ಅದನ್ನು ಕ್ಯಾನಿನಲ್ಲಿ ತುಂಬಿ ಮರುಸಂಸ್ಕರಣೆಗೆ ಕೊಡಬೇಕು. ಚಾಸಿಯ ವೆಲ್ಡಿಂಗ್, ಸ್ಟಿಯರಿಂಗ್ ಮತ್ತು ಬ್ರೇಕ್ ಕೊಳವೆಗಳ ಬದಲಾವಣೆಯನ್ನು ನುರಿತ ಮೇಸ್ತ್ರಿಗೇ ಬಿಡುವುದು ವಿವೇಕ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ತಪಾಸಣೆಯೊಂದಿಗೆ ಐದೈದು ವರ್ಷಕ್ಕೆ ನವೀಕರಣಗೊಳ್ಳುತ್ತದೆ. ಆ ಖರ್ಚಿಗೆ ಮುನ್ನ ಸಣ್ಣ ಸುತ್ತಿಗೆಯಿಂದ ತಳವನ್ನು ತಟ್ಟಿ ನೋಡುವುದು ಒಳ್ಳೆಯದು: ಗಟ್ಟಿ ಲೋಹ ಠಣ್ಣೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದುಮಾಡಿ ಪದರ ಪದರವಾಗಿ ಉದುರುತ್ತದೆ. ಭಾರ ಹೊರುವ ಭಾಗಗಳೇ ಉದುರತೊಡಗಿದ ಕಾರಿಗೆ, ಎಂಜಿನ್ ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ ಇನ್ನಷ್ಟು ಹಣ ಸುರಿಯುವುದರಲ್ಲಿ ಅರ್ಥವಿಲ್ಲ.